ಹಳೇ ಕಾರಿನ ಆರ್‌ಸಿ ವರ್ಗಾವಣೆ: ಗಂಟು ಎಲ್ಲಿ ಬಿದ್ದಿದೆ, ಯಾವುದನ್ನು ಮೊದಲು ಬಿಡಿಸಬೇಕು

ಪ್ರಶ್ನೆ: ಆರು ತಿಂಗಳ ಹಿಂದೆ ಬ್ರೋಕರ್ ಮೂಲಕ 2013ರ ಪೆಟ್ರೋಲ್ ಕಾರು ಕೊಂಡೆ. ಮೈಸೂರಿನದೇ ನೋಂದಣಿ, ನಾನೂ ಮೈಸೂರಿನವನೇ. ಹಣ ಪೂರ್ತಿ ಕೊಟ್ಟಾಗಿದೆ. ಮಾಲೀಕರು ಸಹಿ ಹಾಕಿಕೊಟ್ಟ ಫಾರಂ 29, 30 ಮತ್ತು ಆರ್‌ಸಿ ಕಾರ್ಡ್ ನನ್ನ ಹತ್ತಿರವೇ ಇವೆ. ಆದರೆ ಆರ್‌ಸಿಯಲ್ಲಿ ಇನ್ನೂ ಸಿಂಡಿಕೇಟ್ ಬ್ಯಾಂಕಿನ ಹೆಸರಿದೆ. ಸಾಲ ಯಾವತ್ತೋ ತೀರಿದೆ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಹೋದರೆ ಒಟಿಪಿ ಯಾರದೋ ನಂಬರಿಗೆ ಹೋಗುತ್ತದೆ. ನಂಬರ್ ಪ್ಲೇಟ್ ಹಳೆಯದೇ ಇದೆ, ಇನ್ಶೂರೆನ್ಸ್ ಕೂಡ ಹಳೇ ಮಾಲೀಕರ ಹೆಸರಿನಲ್ಲಿದೆ. ‘ಎಲ್ಲಾ ನಾನೇ ಮಾಡಿಸ್ತೀನಿ’ ಅಂತ ಏಜೆಂಟ್ ದೊಡ್ಡ ಮೊತ್ತ ಕೇಳುತ್ತಿದ್ದಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಫಾರಂ 29, 30ರಿಂದ ಮಾತ್ರ ಶುರು ಮಾಡಬೇಡಿ. ವರ್ಗಾವಣೆಯ ಅರ್ಜಿ ಈ ಸಾಲಿನಲ್ಲಿ ಕೊನೆಯ ಕೆಲಸ. ಅದಕ್ಕೂ ಮೊದಲು ಆಗಬೇಕಾದವು, ಅಂದರೆ ಮೊಬೈಲ್ ನಂಬರ್ ಸರಿಪಡಿಸುವುದು, ಬ್ಯಾಂಕಿನ ಹೆಸರು ತೆಗೆಸುವುದು, ದಂಡ ಕಟ್ಟುವುದು, ಹೊಸ ಪ್ಲೇಟ್ ಹಾಕಿಸುವುದು, ಇವೆಲ್ಲ ದಾಖಲೆಯಲ್ಲಿ ಹಳೇ ಮಾಲೀಕರ ಹೆಸರಿನಲ್ಲೇ ನಡೆಯುವ ಕೆಲಸಗಳು. ಹಾಗಾಗಿ ನಿಮಗೆ ಈಗ ಏಜೆಂಟ್‌ಗಿಂತ ಹೆಚ್ಚು ಬೇಕಾಗಿರುವುದು ಆ ಮಾಲೀಕರು.

ಮೊದಲಿಗೆ ಎಂ-ಪರಿವಾಹನ್ ಆ್ಯಪ್‌ನಲ್ಲೋ ಪರಿವಾಹನ್ ಜಾಲತಾಣದಲ್ಲೋ ಕಾರಿನ ನಂಬರ್ ಹಾಕಿ ವಿವರ ತೆಗೆಯಿರಿ. ಆರ್‌ಸಿ ಕಾರ್ಡಿನಲ್ಲಿ ಅಚ್ಚಾಗಿರುವುದಕ್ಕಿಂತ ವಾಹನ್ (ಸಾರಿಗೆ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆಯಲ್ಲಿರುವುದೇ ಆರ್‌ಟಿಒಗೆ ಅಂತಿಮ. ಅಲ್ಲಿ ಐದು ಸಂಗತಿ ನೋಡಿಕೊಳ್ಳಿ: ಸಾಲ ಕೊಟ್ಟವರ ಹೆಸರು ಇದೆಯೇ, ನೋಂದಣಿಯ ಅವಧಿ ಎಲ್ಲಿಯವರೆಗಿದೆ, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಚಾಲ್ತಿಯಲ್ಲಿವೆಯೇ, ‘ಬ್ಲ್ಯಾಕ್‌ಲಿಸ್ಟ್’ ಎಂಬ ಗುರುತು ಬಿದ್ದಿದೆಯೇ, ಇ-ಚಲನ್ ಬಾಕಿ ಇದೆಯೇ. ನಿಮ್ಮ ಕಾರು 2013ರದಾದ್ದರಿಂದ 15 ವರ್ಷದ ನೋಂದಣಿ 2028ರವರೆಗೆ ಇರುತ್ತದೆ, ಆ ತಲೆನೋವು ಇಲ್ಲ. 15 ವರ್ಷ ದಾಟಿದ ಕಾರಾಗಿದ್ದರೆ ಮೊದಲು ಫಾರಂ 25ರಲ್ಲಿ ನವೀಕರಣ ಮಾಡಿಸಬೇಕಿತ್ತು. ಅದು ಒಂದು ಸಲಕ್ಕೆ ಐದು ವರ್ಷ ಸಿಗುತ್ತದೆ, ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಕು.

ಇನ್ನು ಒಟಿಪಿ ವಿಷಯ. 2013ರ ಸುಮಾರಿಗೆ ನೋಂದಣಿಯಾದ ಎಷ್ಟೋ ಕಾರುಗಳಿಗೆ ಶೋರೂಮಿನವರು ತಮ್ಮ ನಂಬರನ್ನೋ ತಮ್ಮ ಹುಡುಗನ ನಂಬರನ್ನೋ ಕೊಟ್ಟಿರುತ್ತಾರೆ. ಇಲ್ಲವೇ ಮಾಲೀಕರು ಆಗ ಬಳಸುತ್ತಿದ್ದ ಸಿಮ್ ಈಗ ಬೇರೆ ಯಾರ ಕೈಯಲ್ಲೋ ಇರುತ್ತದೆ. ಇದನ್ನು ತಪ್ಪಿಸಿಕೊಂಡು ಮುಂದೆ ಹೋಗುವ ದಾರಿ ಹುಡುಕಬೇಡಿ. ಕಾರು ಮಾರುತ್ತಿರುವವರು ನಿಜವಾದ ಮಾಲೀಕರೇ ಎಂದು ಖಾತ್ರಿ ಮಾಡಿಕೊಳ್ಳಲು ಇಲಾಖೆಗೆ ಇರುವ ಮುಖ್ಯ ಉಪಾಯ ಇದು. ನಾಳೆ ನಿಮ್ಮ ಕಾರನ್ನು ಯಾರೂ ಹಿಂಬಾಗಿಲಿನಿಂದ ತಮ್ಮ ಹೆಸರಿಗೆ ಮಾಡಿಕೊಳ್ಳದಂತೆ ಕಾಯುವುದೂ ಇದೇ. ವಾಹನ್‌ನಲ್ಲಿ ‘ಮೊಬೈಲ್ ನಂಬರ್ ಅಪ್‌ಡೇಟ್’ ಸೇವೆ ಪ್ರತ್ಯೇಕವಾಗಿದೆ. ನೋಂದಣಿ ಸಂಖ್ಯೆ, ನೋಂದಣಿಯಾದ ದಿನಾಂಕ, ಚಾಸಿ ಮತ್ತು ಎಂಜಿನ್ ನಂಬರ್, ಅವಧಿ ಮುಗಿಯುವ ದಿನಾಂಕ ಇವನ್ನೆಲ್ಲ ಕೇಳುತ್ತದೆ. ಆಧಾರ್ ಮೂಲಕವೂ ಮಾಡಬಹುದು. ಆಧಾರ್ ದಾರಿ ಹಿಡಿದರೆ ಮಾಲೀಕರ ಹೆಸರು ಎರಡೂ ಕಡೆ ಹೊಂದಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ಎಡವುವುದೇ ಇಲ್ಲಿ: ಆರ್‌ಸಿಯಲ್ಲಿ ಇನಿಶಿಯಲ್ ಮುಂದಿದ್ದರೆ ಆಧಾರ್‌ನಲ್ಲಿ ಹಿಂದೆ, ಒಂದರಲ್ಲಿ ‘ಗೌಡ’ ಇದ್ದರೆ ಇನ್ನೊಂದರಲ್ಲಿ ಇಲ್ಲ, ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಅಕ್ಷರ. ವ್ಯತ್ಯಾಸ ಇಷ್ಟೇ ಆಗಿದ್ದರೆ ಮಾಲೀಕರು ಗುರುತಿನ ಚೀಟಿ ಹಿಡಿದು ಆರ್‌ಟಿಒ ಕೌಂಟರಿನಲ್ಲೇ ನಂಬರ್ ಬದಲಾಯಿಸಿಕೊಳ್ಳುವುದು ಬೇಗ ಮುಗಿಯುವ ದಾರಿ. ಅಲ್ಲಿ ನಿಮ್ಮ ನಂಬರ್ ಹಾಕಿಸಬೇಡಿ. ಮಾಲೀಕರದ್ದೇ ಇರಲಿ, ವರ್ಗಾವಣೆ ಆದಾಗ ನಿಮ್ಮದು ತಾನಾಗಿ ಬರುತ್ತದೆ.

ಪೋರ್ಟಲ್ ‘ವಿವರ ಹೊಂದುತ್ತಿಲ್ಲ’ ಎಂದರೆ ಅಕ್ಷರದೋಷ ಹುಡುಕಿ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲೋ, ಕೆಲವು ಮಾದರಿಗಳಲ್ಲಿ ಮುಂದಿನ ಸೀಟಿನ ಕೆಳಗಿನ ನೆಲದಲ್ಲೋ ಚಾಸಿ ನಂಬರ್ ಕೊರೆದಿರುತ್ತಾರೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ತಾಗಿಸಿ ಧೂಳು, ಗ್ರೀಸ್ ಒರೆಸಿ, ಮೇಲೆ ತೆಳುವಾದ ಬಿಳಿ ಕಾಗದ ಒತ್ತಿಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿ. ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಒಟ್ಟು 17 ಇರಬೇಕು, ಮತ್ತು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಚಾಸಿ ನಂಬರಿನಲ್ಲಿ ಇರುವುದೇ ಇಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದೇ ಅವನ್ನು ಬಿಟ್ಟಿದ್ದಾರೆ. ಆದ್ದರಿಂದ ದಾಖಲೆಯಲ್ಲಿ ‘ಓ’ ಅಕ್ಷರ ಕಂಡರೆ ಅದು ಟೈಪ್ ಮಾಡಿದವರ ತಪ್ಪು, ಗಾಡಿಯದ್ದಲ್ಲ. ಆ ಪೆನ್ಸಿಲ್ ಪ್ರಿಂಟ್ ಜೊತೆ ಮಾಲೀಕರ ಅರ್ಜಿ ಕೊಟ್ಟರೆ ಮೂಲ ನೋಂದಣಿಯ ಆರ್‌ಟಿಒದಲ್ಲಿ ತಿದ್ದುತ್ತಾರೆ. ಪ್ರಿಂಟ್‌ನಲ್ಲೇ ಅಕ್ಷರಗಳು ಸಾಲು ತಪ್ಪಿದ್ದರೆ, ಸುತ್ತ ವೆಲ್ಡಿಂಗ್ ಅಥವಾ ಉಜ್ಜಿದ ಗುರುತು ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಕಾಗದ ತಿದ್ದಿ ಮುಗಿಯುವ ವಿಷಯವಲ್ಲ. ಕಳವಾದ ವಾಹನಗಳ ಪೊಲೀಸ್ ದಾಖಲೆಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಸೇವೆಯಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಣಿ, ಚಾಸಿ, ಎಂಜಿನ್ ನಂಬರ್ ಇದ್ದರೆ ಸಾಕು. ನಿಮ್ಮ ಕಾರಿನ ಮೇಲೆ ಸಂಶಯವೇ ಇಲ್ಲದಿದ್ದರೂ ಒಮ್ಮೆ ನೋಡಿಬಿಡಿ.

ಬ್ಯಾಂಕಿನ ಹೆಸರು ತೆಗೆಸುವುದೇ ನಿಮ್ಮ ಪ್ರಕರಣದ ದೊಡ್ಡ ಗಂಟು. ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಹೈಪೊಥಿಕೇಷನ್ (ಸಾಲಕ್ಕೆ ಕಾರು ಅಡವಿದೆ ಎಂಬ) ನಮೂದು ಇರುವವರೆಗೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ಬದಲಾಗುವುದಿಲ್ಲ. ಸಾಲ ತೀರಿದ ಮಾತ್ರಕ್ಕೆ ನಮೂದು ತಾನಾಗಿ ಅಳಿಸಿಹೋಗುವುದಿಲ್ಲ. ಕಂತು ಮುಗಿದ ಖುಷಿಯಲ್ಲಿ ಬ್ಯಾಂಕಿನಿಂದ ಬಂದ ಲಕೋಟೆಯನ್ನು ಬೀರುವಿನಲ್ಲಿಟ್ಟು ಮರೆಯುವವರೇ ಹೆಚ್ಚು, ಮತ್ತು ಅದರೊಳಗಿನ ಸಾಲ ತೀರಿದ ಎನ್‌ಒಸಿ ಮೇಲೆ ಸಾಮಾನ್ಯವಾಗಿ ‘ಮೂರು ತಿಂಗಳು ಮಾತ್ರ ಮಾನ್ಯ’ ಎಂದು ಬರೆದಿರುತ್ತದೆ. ಹಳೇ ಲಕೋಟೆ ಸಿಕ್ಕಿದರೂ ಹೊಸದಾಗಿ ಕೇಳಬೇಕಾಗುತ್ತದೆ.

ನಿಮ್ಮದರಲ್ಲಿ ಇನ್ನೊಂದು ತೊಡಕಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಈಗ ಎನ್‌ಒಸಿ ಕೊಡುವುದು ಕೆನರಾ ಬ್ಯಾಂಕ್, ಆರ್‌ಸಿಯಲ್ಲಿರುವ ಹೆಸರು ಸಿಂಡಿಕೇಟ್. ಎರಡು ಹೆಸರು ನೋಡಿದ ಕೇಸ್ ವರ್ಕರ್ ಅರ್ಜಿ ವಾಪಸ್ ಕಳಿಸುವುದುಂಟು. ಅದಕ್ಕೇ ಎನ್‌ಒಸಿ ಪಡೆಯುವಾಗಲೇ ‘ಹಿಂದಿನ ಸಿಂಡಿಕೇಟ್ ಬ್ಯಾಂಕ್, ಇಂಥ ಶಾಖೆ, ಇಂಥ ಸಾಲದ ಖಾತೆ’ ಎಂದು ಬರೆಸಿ; ಕಾರಿನ ನೋಂದಣಿ, ಚಾಸಿ, ಎಂಜಿನ್ ನಂಬರ್ ಮೂರೂ ಇರಲಿ. ಕರ್ನಾಟಕದಲ್ಲಿ ಇದು ಅಪರೂಪದ ಕಷ್ಟವೇನಲ್ಲ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೆ ಸೇರಿದ್ದರಿಂದ ಹಳೇ ಆರ್‌ಸಿಗಳಲ್ಲಿ ಈಗಿಲ್ಲದ ಬ್ಯಾಂಕುಗಳೇ ತುಂಬಿಕೊಂಡಿವೆ.

ಎನ್‌ಒಸಿ ಜೊತೆ ಬ್ಯಾಂಕಿನ ಸಹಿ, ಮೊಹರು ಇರುವ ಫಾರಂ 35 (ಬ್ಯಾಂಕಿನ ಹೆಸರು ತೆಗೆಸುವ ಅರ್ಜಿ) ಎರಡು ಪ್ರತಿ ಬೇಕು. ಅದರಲ್ಲಿ ಮಾಲೀಕರ ಸಹಿಗೂ ಜಾಗವಿದೆ. ಅಲ್ಲಿ ಸಹಿ ಹಾಕಬೇಕಾದವರು ನೀವಲ್ಲ, ಅವರು. ಕೆಲವು ಬ್ಯಾಂಕುಗಳು ಎನ್‌ಒಸಿಯನ್ನು ವಾಹನ್‌ಗೇ ಆನ್‌ಲೈನ್‌ನಲ್ಲಿ ಕಳಿಸುತ್ತವೆ. ಆ ಸೌಲಭ್ಯ ನಿಮಗೆ ಸಿಕ್ಕಿದರೆ ಕಾಗದದ ಓಡಾಟ ಅರ್ಧ ಕಡಿಮೆ.

ಇಲ್ಲೊಂದು ಎಚ್ಚರಿಕೆ. ‘ಸಾಲ ತೀರಿದೆ’ ಎನ್ನುವ ಮಾಲೀಕರಿಗೆ ಬ್ಯಾಂಕ್ ಎನ್‌ಒಸಿ ಕೊಡದೆ ಸತಾಯಿಸುತ್ತಿದೆ ಎಂದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಚೆಕ್ ಬೌನ್ಸ್ ಆದ ದಂಡವೋ ತಡಪಾವತಿ ಬಡ್ಡಿಯೋ ಖಾತೆಯಲ್ಲಿ ಸಣ್ಣದಾಗಿ ಉಳಿದಿರುತ್ತದೆ, ಇಲ್ಲವೇ ಅವರದ್ದೇ ಬೇರೊಂದು ಸಾಲ ಬಾಕಿಯಿದ್ದು ಅದಕ್ಕೆ ಇದನ್ನು ತಡೆಹಿಡಿದಿರುತ್ತಾರೆ. ಮೊದಲನೆಯದಾದರೆ ಮೊತ್ತ ಕೇಳಿ, ಕಟ್ಟಿಸಿ, ಮುಗಿಸಿ. ಎರಡನೆಯದಾದರೆ ನೀವು ಎಷ್ಟು ಓಡಾಡಿದರೂ ಪ್ರಯೋಜನವಿಲ್ಲ; ಹಣ ವಾಪಸ್ ಕೇಳುವ ಮಾತು ಆಗಲೇ ಎತ್ತಬೇಕು. ಖಾತೆಯ ಸ್ಟೇಟ್‌ಮೆಂಟ್ ನೋಡದೆ ಯಾರ ಬಾಯಿಮಾತನ್ನೂ ನಂಬಬೇಡಿ.

ವಾಹನ್‌ನಲ್ಲಿ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಹೈಪೊಥಿಕೇಷನ್ ರದ್ದು ಮೂರನ್ನೂ ಒಂದೇ ಅರ್ಜಿಯಲ್ಲಿ ಟಿಕ್ ಮಾಡುವ ಅವಕಾಶವಿದೆ. ಏಜೆಂಟರು ಮಾಡುವುದೂ ಹಾಗೇ. ನಿಮ್ಮಂಥ ಪ್ರಕರಣದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಬ್ಯಾಂಕಿನ ಕಾಗದದಲ್ಲಿ ಒಂದು ಕೊಂಕು ಸಿಕ್ಕರೂ ಇಡೀ ಅರ್ಜಿ ನಿಲ್ಲುತ್ತದೆ. ಬ್ಯಾಂಕಿನ ಹೆಸರು ಮೊದಲು ಪ್ರತ್ಯೇಕವಾಗಿ ಹೋಗಲಿ, ವಾಹನ್‌ನಲ್ಲಿ ಖಾಲಿಯಾಗಿದ್ದು ಕಣ್ಣಾರೆ ನೋಡಿ, ಆಮೇಲೆ ವರ್ಗಾವಣೆ.

ದಂಡದ ಬಾಕಿಯನ್ನು ಎರಡು ಕಡೆ ಹುಡುಕಬೇಕು: ಪರಿವಾಹನ್‌ನ ಇ-ಚಲನ್ ಪುಟ, ಮತ್ತು ರಾಜ್ಯದ ಪೊಲೀಸರ ದಂಡ ಪಾವತಿ ವ್ಯವಸ್ಥೆ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣಬಹುದು. ಕ್ಯಾಮೆರಾ ಹಿಡಿದ ಸಿಗ್ನಲ್ ಜಂಪ್, ಸೀಟ್‌ಬೆಲ್ಟ್ ದಂಡಗಳು ಕಾರಿನ ನಂಬರಿಗೆ ಅಂಟಿಕೊಂಡಿರುತ್ತವೆ, ಓಡಿಸಿದವರಿಗಲ್ಲ. ಯಾರು ಕಟ್ಟಬೇಕು ಎಂಬ ಜಗಳಕ್ಕೆ ಉತ್ತರ ಡೆಲಿವರಿ ನೋಟ್: ಕಾರು ಕೈಬದಲಾದ ದಿನಾಂಕ, ಗಂಟೆ, ಆಗ ಓಡಿದ್ದ ಕಿಲೋಮೀಟರ್, ಇಬ್ಬರ ಸಹಿ. ಅದನ್ನು ಬರೆಸಿಕೊಂಡಿಲ್ಲದಿದ್ದರೆ ಈಗಲಾದರೂ ನಿಜವಾದ ದಿನಾಂಕ ಹಾಕಿ ಬರೆಸಿ. ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಿತ್ತು, ಮತ್ತೆ ಕೊಡಬಹುದು ಎಂದು ಕಾಯುವವರಿದ್ದಾರೆ. ವರ್ಗಾವಣೆ ಬಾಕಿ ಇಟ್ಟುಕೊಂಡು ಆ ಲೆಕ್ಕಾಚಾರ ಬೇಡ. ‘ಬ್ಲ್ಯಾಕ್‌ಲಿಸ್ಟ್’ ಎಂಬ ಗುರುತು ಕಂಡರೆ ಅದರ ಪಕ್ಕದಲ್ಲಿ ಕಾರಣ, ಹಾಕಿದ ಕಚೇರಿ ಇರುತ್ತದೆ: ತೆರಿಗೆ ಬಾಕಿಯೋ, ಪೊಲೀಸ್ ಕೇಸೋ, ಕೋರ್ಟ್ ಆದೇಶವೋ. ಹಾಕಿದ ಕಚೇರಿಯೇ ತೆಗೆಯಬೇಕು.

ನಂಬರ್ ಪ್ಲೇಟ್ ಬಗ್ಗೆ: 2019ರ ಏಪ್ರಿಲ್ 1ಕ್ಕೂ ಮೊದಲು ನೋಂದಣಿಯಾದ ವಾಹನಗಳೆಲ್ಲ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಹಾಕಿಸಿಕೊಳ್ಳಬೇಕೆಂದು ರಾಜ್ಯ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಕೊನೆಯ ದಿನಾಂಕ ಮುಂದೆ ಮುಂದೆ ಹೋಯಿತು ನಿಜ, ಆದರೆ ಅದೇ ಆದೇಶದಲ್ಲಿ ಎಚ್‌ಎಸ್‌ಆರ್‌ಪಿ ಇಲ್ಲದ ವಾಹನಕ್ಕೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಹೈಪೊಥಿಕೇಷನ್ ಸೇವೆ ಕೊಡುವುದಿಲ್ಲ ಎಂದೂ ಇದೆ. ಹಾಗಾಗಿ ಬ್ಯಾಂಕಿನ ಹೆಸರು ತೆಗೆಸುವ ಅರ್ಜಿಗೂ ಮುಂಚೆ ಪ್ಲೇಟ್ ಹಾಕಿಸಿಬಿಡಿ. ಇಲಾಖೆಯ ಜಾಲತಾಣದ ಕೊಂಡಿಯಿಂದಲೇ ಬುಕ್ ಮಾಡಿ. ರಸ್ತೆ ಬದಿಯಲ್ಲಿ ಅದೇ ಥರ ಕಾಣುವ ಪ್ಲೇಟ್ ಹಾಕಿಕೊಡುತ್ತಾರೆ, ಅದರ ಲೇಸರ್ ಕೋಡ್ ಯಾವ ದಾಖಲೆಯಲ್ಲೂ ಇರುವುದಿಲ್ಲ. ಅಸಲಿ ಪ್ಲೇಟ್ ಹಾಕಿದ ಮೇಲೂ ಡೀಲರ್ ಕೋಡನ್ನು ವಾಹನ್‌ಗೆ ಏರಿಸದೆ ಬಿಟ್ಟರೆ ಆರ್‌ಟಿಒ ಪರದೆಯಲ್ಲಿ ‘ಇಲ್ಲ’ ಎಂದೇ ತೋರಿಸುತ್ತದೆ. ಹಾಕಿಸಿದ ರಸೀದಿ, ಎರಡೂ ಪ್ಲೇಟ್‌ಗಳ ಕೋಡ್ ಕಾಣುವ ಫೋಟೋ ಇಟ್ಟುಕೊಂಡಿರಿ.

ಇವಿಷ್ಟು ಮುಗಿದ ಮೇಲೆ ನಿಮ್ಮ ಕೈಯಲ್ಲಿರುವ ಫಾರಂಗಳ ಸರದಿ. ಫಾರಂ 29 ಮಾರಿದವರು ಕೊಡುವ ಮಾಹಿತಿ, ಎರಡು ಪ್ರತಿ. ಫಾರಂ 30ರಲ್ಲಿ ಒಂದು ಭಾಗ ಮಾರಿದವರದ್ದು, ಇನ್ನೊಂದು ಕೊಂಡವರದ್ದು. ಆರು ತಿಂಗಳ ಹಿಂದೆ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ಬಳಸುವ ಬದಲು ಈಗ ಆನ್‌ಲೈನ್ ಅರ್ಜಿಯಿಂದಲೇ ಹೊಸ ಫಾರಂ ಪ್ರಿಂಟ್ ತೆಗೆದು ಅವರ ಮುಂದೆ ಸಹಿ ಹಾಕಿಸಿ. ಆರ್‌ಟಿಒ ಕಡತದಲ್ಲಿರುವ ಹಳೇ ಸಹಿಗೂ ಇದಕ್ಕೂ ಹೋಲಿಸುತ್ತಾರೆ. ಹತ್ತು ವರ್ಷದಲ್ಲಿ ಸಹಿ ಬದಲಾದವರು ಬೇಕಾದಷ್ಟು ಜನ. ಬದಲಾಗಿದ್ದರೆ ಮಾಲೀಕರೇ ಖುದ್ದಾಗಿ ಹೋಗಿ ನಿಲ್ಲಬೇಕಾದೀತು. ಜೊತೆಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಪತ್ರ, ಇಬ್ಬರ ಗುರುತಿನ ದಾಖಲೆ, ನಿಮ್ಮ ವಿಳಾಸದ ದಾಖಲೆ, ಪ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಚಾಸಿ ಪೆನ್ಸಿಲ್ ಪ್ರಿಂಟ್. ಸಿಎನ್‌ಜಿ ಕಿಟ್ ಹಾಕಿಸಿದ್ದು ಅಥವಾ ಬಣ್ಣ ಬದಲಿಸಿದ್ದು ಆರ್‌ಸಿಯಲ್ಲಿ ನಮೂದಾಗಿಲ್ಲದಿದ್ದರೆ ತಪಾಸಣೆಯಲ್ಲಿ ಅಲ್ಲೇ ಸಿಕ್ಕಿಬೀಳುತ್ತದೆ.

ಏಜೆಂಟ್ ಕೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಖಾಸಗಿ ಕಾರಿನ ವರ್ಗಾವಣೆಯ ಸರ್ಕಾರಿ ಶುಲ್ಕ ನೂರುಗಳ ಲೆಕ್ಕದ್ದು, ಪೋರ್ಟಲ್‌ನಲ್ಲೇ ಕಟ್ಟಿ ರಸೀದಿ ಪಡೆಯುವಂಥದ್ದು. ಅರ್ಜಿ ಕೊಟ್ಟಾಗ ‘ಸಕಾಲ’ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡಿಸುವ ರಾಜ್ಯದ ಯೋಜನೆ) ಸ್ವೀಕೃತಿ, ಅಂದರೆ ಜಿಎಸ್‌ಸಿ ನಂಬರ್ ಕೇಳಿ ಪಡೆಯಿರಿ. ಅರ್ಜಿ ಸುಮ್ಮನೆ ಕೂತರೆ ಮೇಲ್ಮನವಿ ಸಲ್ಲಿಸಲು ಅದೇ ಆಧಾರ. ಅರ್ಜಿಯನ್ನು ವಾಪಸ್ ಕಳಿಸಿದರೆ ಕಾರಣ ವಾಹನ್‌ನ ಅರ್ಜಿ ಸ್ಥಿತಿಯಲ್ಲಿ ಬರೆದಿರುತ್ತದೆ. ‘ಸಾಹೇಬ್ರು ಒಪ್ತಿಲ್ಲ’ ಎಂಬ ಏಜೆಂಟನ ಮಾತಿಗಿಂತ ಅದನ್ನು ಓದಿ.

ಇಷ್ಟಕ್ಕೆಲ್ಲ ಹಳೇ ಮಾಲೀಕರು ಯಾಕೆ ಬರಬೇಕು, ದುಡ್ಡು ಎಣಿಸಿಕೊಂಡಾಗಿದೆಯಲ್ಲ ಅನ್ನಿಸಬಹುದು. ಅವರಿಗೆ ತಿಳಿಸಬೇಕಾದ ಮಾತು ಇದು: ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ನೀವಿಬ್ಬರೂ ಗಡುವು ಮೀರಿದ್ದೀರಿ. ಅದರಿಂದ ದಂಡ ಬೀಳಬಹುದು, ವರ್ಗಾವಣೆಯ ಬಾಗಿಲು ಮುಚ್ಚುವುದಿಲ್ಲ. ಅದಕ್ಕಿಂತ ಭಾರವಾದದ್ದು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಾರು ಎಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾಯ್ದೆಯ ಕಣ್ಣಿಗೆ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದ್ದು. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಸಲ ಮಾರಾಟವಾಗಿತ್ತು. ನೀವು ನಾಳೆ ಯಾರಿಗಾದರೂ ಗುದ್ದಿದರೆ ನೋಟಿಸ್ ಹೋಗುವುದು ಅವರ ಮನೆಗೆ ಎಂದು ತಿಳಿದರೆ ಸಾಮಾನ್ಯವಾಗಿ ಜನ ಬರುತ್ತಾರೆ.

ಆದರೂ ಬಾರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕೊಡಿ, ಹಣ ಕೊಟ್ಟ ಬ್ಯಾಂಕ್ ದಾಖಲೆ ಜೋಡಿಸಿಡಿ. ಕಮಿಷನ್ ತೆಗೆದುಕೊಂಡ ಬ್ರೋಕರ್ ಸೇವೆ ಕೊಟ್ಟವನಾದ್ದರಿಂದ ಅವನ ವಿರುದ್ಧ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅಂದಹಾಗೆ, 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರುವ ಡೀಲರ್‌ಗಳು ಆರ್‌ಟಿಒ ಅಧಿಕೃತ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಕಾರು ಡೀಲರ್ ಕೈಗೆ ಬಂದಾಗ ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ಮುಂದೆ ಆ ಡೀಲರನ್ನೇ ಮಾಲೀಕ ಎಂದು ಪರಿಗಣಿಸುತ್ತಾರೆ. ವರ್ಗಾವಣೆ, ಎನ್‌ಒಸಿ ಅರ್ಜಿಗಳನ್ನು ಅವನೇ ಹಾಕಬಹುದು. ನಿಮ್ಮವನ ಬಳಿ ಆ ಪತ್ರ ಇದೆಯೇ ಕೇಳಿ. ಖಾಲಿ ಫಾರಂಗೆ ಸಹಿ ಹಾಕಿಸಿ ಕೊಟ್ಟಿದ್ದಾನೆ ಅಂದರೆ ಬಹುಶಃ ಇರಲಿಕ್ಕಿಲ್ಲ.

ಮಾಲೀಕರು ತೀರಿಕೊಂಡಿದ್ದರೆ ಮಾತ್ರ ದಾರಿಯೇ ಬೇರೆ. ಅವರು ಬದುಕಿದ್ದಾಗ ಸಹಿ ಹಾಕಿದ 29, 30 ಇಟ್ಟುಕೊಂಡು ಅರ್ಜಿ ತಳ್ಳುವುದು ಮುಂದೆ ವಾರಸುದಾರರ ದೂರಿಗೆ ಎಡೆ ಮಾಡುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೊತೆ ಫಾರಂ 31ರಲ್ಲಿ ಕಾರು ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅವರಿಂದ ನಿಮಗೆ.

ಹೊರರಾಜ್ಯದ ಕಾರು ಕೊಳ್ಳುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು. ಅದನ್ನು ಕೊಡುವ ಮೊದಲು ಕಳವಿನ ಕೇಸ್ ಇಲ್ಲವೆಂಬ ಪೊಲೀಸ್ ವರದಿಯನ್ನೂ ತೆರಿಗೆ ಬಾಕಿಯನ್ನೂ ನೋಡುತ್ತಾರೆ. ಇಲ್ಲಿಗೆ ಬಂದ ಮೇಲೆ ಕಾರಿನ ವಯಸ್ಸಿನ ಪ್ರಕಾರ ಕರ್ನಾಟಕದ ಆಜೀವ ತೆರಿಗೆ ಕಟ್ಟಿ ಕೆಎ ನಂಬರ್ ಪಡೆಯಬೇಕು. ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಆ ರಾಜ್ಯದಿಂದ ಬೇರೆಯಾಗಿ ಕೇಳಿ ಪಡೆಯಬೇಕು. ದೆಹಲಿ ಕಾರು ಅಗ್ಗ ಎಂದು ಹೊರಡುವವರು ಈ ತೆರಿಗೆ ಸೇರಿಸಿ ಮತ್ತೊಮ್ಮೆ ಕೂಡಿ ನೋಡಲಿ.

ಇನ್ನುಳಿದದ್ದು ಇನ್ಶೂರೆನ್ಸ್. ‘ಆರ್‌ಸಿ ಬದಲಾಗದೆ ಪಾಲಿಸಿ ಬದಲಾಗದು, ಪಾಲಿಸಿ ಇಲ್ಲದೆ ಆರ್‌ಸಿ ಬದಲಾಗದು’ ಎಂಬ ಸುಳಿಯಲ್ಲಿ ಅನೇಕರು ಸಿಕ್ಕಿಕೊಳ್ಳುತ್ತಾರೆ. ಆರ್‌ಟಿಒಗೆ ಬೇಕಿರುವುದು ಚಾಲ್ತಿಯಲ್ಲಿರುವ ಪಾಲಿಸಿ. ಅದು ಹಳೇ ಮಾಲೀಕರ ಹೆಸರಿನಲ್ಲಿದ್ದರೂ ನಡೆಯುತ್ತದೆ. ಕಾಯ್ದೆಯ 157ನೇ ಕಲಂ ಪ್ರಕಾರ ಕಾರು ಕೈಬದಲಾದಾಗ ಮೂರನೆಯವರಿಗೆ ಆಗುವ ಹಾನಿಯ ಭಾಗ ತಾನಾಗಿ ನಿಮಗೆ ಬಂದಂತೆಯೇ. ಆದರೆ ನಿಮ್ಮ ಕಾರಿನ ಸ್ವಂತ ಹಾನಿಯ ಭಾಗ ಹಾಗೆ ಬರುವುದಿಲ್ಲ; ವರ್ಗಾವಣೆಯಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಈ ಆರು ತಿಂಗಳಲ್ಲಿ ಕಾರು ಜಖಂ ಆಗಿದ್ದರೆ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚಿತ್ತು. ಪಾಲಿಸಿಯಲ್ಲಿರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯೂ ನಿಮಗೆ ಅನ್ವಯಿಸುವುದಿಲ್ಲ. ಆದ್ದರಿಂದ ಆರ್‌ಸಿ ಮುಗಿಯಲಿ ಎಂದು ಕಾಯದೆ, ಫಾರಂ 29, 30 ಸಲ್ಲಿಸಿದ ಸ್ವೀಕೃತಿ ಕೈಗೆ ಬಂದ ದಿನವೇ ಅದರ ಪ್ರತಿ ಲಗತ್ತಿಸಿ ವಿಮಾ ಕಂಪನಿಗೆ ಬರೆಯಿರಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿಗಲ್ಲ, ವ್ಯಕ್ತಿಗೆ ಸೇರಿದ್ದು. ಹಳೇ ಮಾಲೀಕರು ಪಡೆದಿದ್ದ ರಿಯಾಯಿತಿಯ ಉಳಿದ ಅವಧಿಯ ವ್ಯತ್ಯಾಸವನ್ನು ನಿಮ್ಮಿಂದ ಕಟ್ಟಿಸಿಕೊಳ್ಳುತ್ತಾರೆ. ಅವರು ಅದನ್ನು ತಮ್ಮ ಮುಂದಿನ ಕಾರಿಗೆ ಮೂರು ವರ್ಷದೊಳಗೆ ಬಳಸಿಕೊಳ್ಳಬಹುದು. ಅವರನ್ನು ಕಚೇರಿಗೆ ಕರೆಯುವಾಗ ಇದನ್ನೂ ಹೇಳಿ, ಬರಲು ಇನ್ನೊಂದು ಕಾರಣವಾದೀತು.

ಹೊಸ ಕಾರ್ಡ್ ಬಂದ ಕೂಡಲೇ ಹೆಸರು, ವಿಳಾಸ, ಚಾಸಿ ನಂಬರ್ ಓದಿ ನೋಡಿ, ಸಾಲ ಕೊಟ್ಟವರ ಸ್ಥಳ ಖಾಲಿಯಿದೆಯೇ ಖಚಿತ ಮಾಡಿಕೊಳ್ಳಿ. ಗಾಜಿನ ಮೇಲಿನ ಫಾಸ್ಟ್ಯಾಗ್ ಇನ್ನೂ ಹಳೇ ಮಾಲೀಕರದ್ದೇ ಆಗಿದ್ದರೆ ಅವರಿಂದಲೇ ಮುಚ್ಚಿಸಿ. ಒಂದು ವಾಹನಕ್ಕೆ ಒಂದೇ ಟ್ಯಾಗ್ ಆದ್ದರಿಂದ ಅದು ಮುಚ್ಚುವವರೆಗೆ ನಿಮ್ಮ ಹೆಸರಿನ ಹೊಸದು ಸಿಗುವುದಿಲ್ಲ.